ತಿಕೋಟಾದ ಡೇರೆಯಲ್ಲಿ ಈಶ್ವರನ ದರ್ಶನ

ನಾನು ವಿಜಾಪುರದ ಕೋರ್ಟು ಕಚೇರಿಯಲ್ಲಿ ಕಾರಕೂನ. ಕಳ್ಳರು, ಕೊಲೆಗಡುಕರು, ಸುಳ್ಳುಸಾಕ್ಷಿಯವರು ದಿನವೂ ನನ್ನ ಮೇಜಿನ ಮುಂದೆ ಹಾದುಹೋಗುತ್ತಾರೆ. ಯಾರ ಹೊಟ್ಟೆಯಲ್ಲಿ ಏನಿದೆಯೆಂದು ಮೋರೆ ನೋಡಿಯೇ ಹೇಳಬಲ್ಲೆ ಎಂದು ಬಹಳ ವರ್ಷ ನಂಬಿದ್ದೆ. ಆ ನಂಬಿಕೆಯನ್ನು ಒಂದು ತಮಿಳು ಸಿನಿಮಾ ಒಂದೇ ಸಂಜೆಯಲ್ಲಿ ಹಾಳುಮಾಡಿತು!

ಆಗ ಲಡಾಯಿಯ ಕಾಲ. ಪಂಚಮಿಗೆಂದು ತವರೂರು ಕಳ್ಳಕವಟಗಿಗೆ ಹೋದ ನನ್ನ ಹೆಂಡತಿ ಶಾಂತಾ ದೀಪಾವಳಿ ಮುಗಿದರೂ ಬಂದಿರಲಿಲ್ಲ. ತಪ್ಪು ನನ್ನದೇ. ಅವಳನ್ನು ಮೋಟಾರು ಹತ್ತಿಸುವಾಗ, ಕಳ್ಳಕವಟಗಿಯವರಿಗೆ ಬುದ್ಧಿ ತುಸು ಕಡಿಮೆ ಎಂದುಬಿಟ್ಟಿದ್ದೆ. ಮಾತು ಅತ್ತೆಯವರ ಕಿವಿಗೆ ಬಿತ್ತು. ಮಾವ ತೀರಿಕೊಂಡ ಎರಡು ವರ್ಷದಿಂದ ಹೊಲ, ಎತ್ತು, ಆಳು ಎಲ್ಲವನ್ನೂ ಒಬ್ಬರೇ ಸಂಭಾಳಿಸಿದ ಹೆಂಗಸು ಅವರು. ನಾನು ಕರೆಯಲು ಹೋದಾಗಲೆಲ್ಲ ಅಮಾವಾಸ್ಯೆ ಬಂತು, ಹತ್ತಿ ಬಿಡಿಸಬೇಕು, ಎಮ್ಮೆ ಈಯಬೇಕು ಎಂದು ಒಂದಿಲ್ಲೊಂದು ನೆಪ ಹೇಳಿ ನನ್ನನ್ನು ಬರಿಗೈಯಲ್ಲಿ ಕಳಿಸುತ್ತಿದ್ದರು. ಮೂರು ತಿಂಗಳಲ್ಲಿ ಒಂದೇ ಎಮ್ಮೆ ಎರಡು ಸಲ ಈಯಿತು!

ಕೊನೆಗೊಂದು ಸೋಮವಾರ, ಈ ಸಲ ಹೆಂಡತಿಯನ್ನು ಕರೆತರದೆ ಮರಳುವುದಿಲ್ಲವೆಂದು ರಜೆ ಹಾಕಿ ಹೊರಟೆ. ಲಡಾಯಿಯಿಂದ ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಮೋಟಾರು ಕೆಮ್ಮುತ್ತ ಕೆಮ್ಮುತ್ತ ದಾರಿಯ ತಿಕೋಟಾದಲ್ಲಿ ಇಳಿಸಿತು. ಅಲ್ಲೊಂದು ಸಿನಿಮಾ ಡೇರೆ ಹಾಕಿದ್ದರು. ಬರಬೇಕಾದ ಮರಾಠಿ ಚಿತ್ರದ ಪೆಟ್ಟಿಗೆ ಬಾರದೆ, ಮದ್ರಾಸಿನ ಕಡೆಯ ತಮಿಳು ಚಿತ್ರ ಬಂದಿದೆಯೆಂದು ಜನ ಆಡಿಕೊಳ್ಳುತ್ತಿದ್ದರು. ಗೋಡೆಗೆ ಅಂಟಿಸಿದ ಜಾಹೀರಾತಿನ ಒಂದಕ್ಷರವೂ ನನಗೆ ತಿಳಿಯಲಿಲ್ಲ. ತಿಳಿಯಬೇಕೇಕೆ? ಹಿಂದೆ ತ್ರಿಶೂಲ, ಮಗ್ಗುಲಲ್ಲಿ ಹಾವು, ಮುಂದೆ ಕಣ್ಣೀರಿಟ್ಟು ಕೈಮುಗಿದ ಹೆಣ್ಣುಮಗಳು. ಈಶ್ವರನ ಮಹಾತ್ಮೆಯೆನ್ನಲು ಇನ್ನೇನು ಪುರಾವೆ ಬೇಕು? ಟಿಕೆಟ್ಟಿನವನನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಕೇಳುವುದು ತಿಳಿಯದವರ ಕೆಲಸ!

ಅತ್ತೆಯವರಿಗೆ ಸೋಮವಾರ ಉಪವಾಸ. ಸಂಜೆ ಗುಡಿಗೆ ಹೋಗಿ ಬಂದಮೇಲೆಯೇ ಊಟ. ಕಳ್ಳಕವಟಗಿ ಮುಟ್ಟಿದವನೇ ನಾನು ಅವರ ಮನೆಯ ಜೋಳದ ಕಣಜದ ಮಗ್ಗುಲಿಗೆ ಕೂತು ಗಂಭೀರವಾಗಿ ಅರುಹಿದೆ:

"ಅತ್ತಿಯವರ, ಗುಡ್ಯಾಗಿನ ದೇವರು ಮಾತಾಡೂದಿಲ್ಲ. ತಿಕೋಟಾದಾಗ ನಡದಾಡೋ, ಮಾತಾಡೋ ಈಶ್ವರ ಬಂದಾನ."

ಅವರು ನನ್ನ ಮೋರೆಯನ್ನೇ ಒಂದು ಗಳಿಗೆ ನೋಡಿದರು. "ಖರೇನ ದರ್ಶನ ಮಾಡಿಸಿದ್ರ, ನಾಳಿ ಮುಂಜಾನಿ ಶಾಂತಾಗ ಉಡಿ ತುಂಬಿ ನಿಮ್ಮ ಜೋಡಿ ಕಳಸ್ತೀನಿ."

ಕೆಲಸ ಆಯಿತೆಂದುಕೊಂಡೆ. ಆದರೆ ಅತ್ತೆಯವರು ಪುಣ್ಯವನ್ನು ಒಬ್ಬರೇ ಉಣ್ಣುವವರಲ್ಲ. ಓಣಿಗೆಲ್ಲ ಸುದ್ದಿ ಮುಟ್ಟಿಸಿದರು. ಹೊತ್ತು ಇಳಿಯುವಷ್ಟರಲ್ಲಿ ನಾಲ್ಕು ಚಕ್ಕಡಿ, ಶಾಂತಾಳೂ ಸೇರಿ ಇಪ್ಪತ್ತು ಹೆಣ್ಣುಮಕ್ಕಳು, ತೆಂಗಿನಕಾಯಿ, ಬಾಳೆಹಣ್ಣು, ಕರ್ಪೂರ, ಆರತಿ ತಟ್ಟೆ! ಡೇರೆಯ ಹೊರಗೆ ಎಲ್ಲರೂ ಚಪ್ಪಲಿ ಬಿಟ್ಟು, ಪರದೆಯ ಬುಡದಲ್ಲೇ ಹೋಗಿ ಕೂತರು. ದರ್ಶನವಾಗುವವರೆಗೆ ನೀರೂ ಮುಟ್ಟುವುದಿಲ್ಲವೆಂದು ಅತ್ತೆಯವರು ಸಾರಿದರು.

ಸಿನಿಮಾ ಶುರುವಾಯಿತು. ತ್ರಿಶೂಲ ಬಂತು. ಅದು ಬಂಗಲೆಯ ಗೇಟಿನ ಮೊನೆ. ಹಾವು ಬಂತು. ಅದು ಹಗ್ಗ! ಹತ್ತು ನಿಮಿಷದೊಳಗೆ ಬಂಗಲೆಯ ಯಜಮಾನ, ಒಬ್ಬ ಮುದುಕ, ಹಾಲು ಕುಡಿದು ನೆಲಕ್ಕುರುಳಿದ. ಇನ್ನು ಹತ್ತು ನಿಮಿಷಕ್ಕೆ ಅವನ ಆಳು ಅದೇ ಹಗ್ಗದಲ್ಲಿ ತೂಗಾಡಿದ. ಕೊಂದವರು ಯಾರೆಂದು ತೋರಿಸಲೊಲ್ಲರು. ಕೈ ಕಾಣುತ್ತದೆ, ನೆರಳು ಕಾಣುತ್ತದೆ, ಮೋರೆ ಮಾತ್ರ ಇಲ್ಲ. ಇದನ್ನು ಮಾಡಿದವರಿಗೆ ಬೇರೆ ಉದ್ಯೋಗವಿರಲಿಲ್ಲವೇ ಎಂದು ನನಗೆ ಮೈಯೆಲ್ಲ ಉರಿಯಿತು.

ದೇವರು ಯಾವಾಗ ಬರುತ್ತಾನೆಂದು ಅತ್ತೆಯವರು ಮೂರನೆಯ ಸಲ ಕೇಳಿದರು. ನಾಲಿಗೆ ಒಣಗಿ ಅವರ ದನಿಯೇ ಏಳುತ್ತಿರಲಿಲ್ಲ. ನಿಜ ಹೇಳಿಬಿಡಬಹುದಿತ್ತು. ಹೇಳಿದರೆ ಶಾಂತಾ ಕೈತಪ್ಪುತ್ತಾಳೆ. ಅದಕ್ಕೆ, ದೇವರು ವೇಷ ಮರೆಸಿಕೊಂಡು ಬರುವವನಿದ್ದಾನೆ, ಇದೆಲ್ಲ ಭಕ್ತರ ಪರೀಕ್ಷೆ ಎಂದೆ. ಇಪ್ಪತ್ತೂ ಜನ ನಂಬಿದರು. ಎಂಥಾ ಜನರಪ್ಪಾ ಎಂದು ಒಳಗೊಳಗೇ ನಕ್ಕೆ.

ಈಗ ದೇವರು ಯಾರೆಂದು ತೋರಿಸಬೇಕಲ್ಲ! ಕಚೇರಿಯ ಕಣ್ಣಿನಿಂದ ಒಬ್ಬೊಬ್ಬರನ್ನೇ ಅಳೆದೆ. ಫೌಜದಾರ ಸಿಗರೇಟು ಸೇದುತ್ತಾನೆ, ಆಗದು. ಡಾಕ್ಟರನದು ಕಳ್ಳನೋಟ, ಆಗದು. ಉಳಿದವನು ಸತ್ತ ಯಜಮಾನನ ಅಳಿಯ. ಬಿಳಿ ಧೋತರ, ಹಿರಿಯರನ್ನು ಕಂಡರೆ ಬಗ್ಗುವ ಬೆನ್ನು, ಮಾವನ ಹೆಣದ ಮೇಲೆ ಬಿದ್ದು ಗೋಳಾಡಿದ ಪುಣ್ಯಾತ್ಮ. ತಡಮಾಡದೆ ಬೊಟ್ಟುಮಾಡಿದೆ:

"ಅಂವನ ನೋಡ್ರಿ ಈಶ್ವರ. ಅಳಿಯನ ರೂಪದಾಗ ಬಂದಾನ."

ಕರ್ಪೂರ ಹೊತ್ತಿತು. ಆರತಿ ಎತ್ತಿದರು. ಇಪ್ಪತ್ತು ತೆಂಗಿನಕಾಯಿ ಒಂದರ ಹಿಂದೊಂದು ಒಡೆದವು. ಹಿಂದಿನ ಜನ ಬೈಯತೊಡಗಿದರು. ಡೇರೆಗೆ ಬೆಂಕಿ ಬಿತ್ತೆಂದು ಟಿಕೆಟ್ಟಿನವನು ಕೊಡ ಹೊತ್ತು ಓಡಿಬಂದು ಆರತಿಯನ್ನೂ ಆರಿಸಿದ, ನನ್ನನ್ನೂ ತೋಯಿಸಿದ. ಅತ್ತೆಯವರು ಹಣೆ ನೆಲಕ್ಕೆ ಹಚ್ಚಿ ನಮಸ್ಕರಿಸಿ, ಬಾಳೆಹಣ್ಣು ತಿಂದು ಉಪವಾಸ ಬಿಟ್ಟರು. ಅಳಿಯ ಅಂದರೆ ಹೀಗಿರಬೇಕೆಂದು ಪರದೆಯವನನ್ನೂ ನನ್ನನ್ನೂ ಕೂಡಿಸಿಯೇ ಹೊಗಳಿದರು. ಒದ್ದೆ ಅಂಗಿಯಲ್ಲಿ ನಾನು ಗೆದ್ದು ಕೂತಿದ್ದೆ.

ಕೊನೆಯ ರೀಲು ಬಂತು. ಫೌಜದಾರ ಸೀದಾ ನಡೆದುಬಂದು ಈಶ್ವರನಿಗೆ ಬೇಡಿ ಹಾಕಿದ! ಆಮೇಲೆ ಹಿಂದಿನದನ್ನೆಲ್ಲ ಬಿಚ್ಚಿ ತೋರಿಸಿದರು. ಅಳಿಯ ಶೀಸೆಯ ಬಿರಡೆ ತೆಗೆದ, ಹಾಲಿಗೆ ಸುರಿದ, ನಗುನಗುತ್ತ ಮಾವನಿಗೆ ಕುಡಿಸಿದ. ಇದನ್ನು ತಿಳಿಯಲು ತಮಿಳು ಬರಬೇಕಿರಲಿಲ್ಲ. ಮುಂದಿನ ಸಾಲಿನಲ್ಲಿ ಕೊಬ್ಬರಿ ತಿನ್ನುತ್ತಿದ್ದ ಬಾಯಿಗಳು ನಿಂತವು.

ಹೊರಗೆ ಚಕ್ಕಡಿಗಳ ಹತ್ತಿರ ಕಂದೀಲಿನ ಬೆಳಕಿನಲ್ಲಿ ಎಲ್ಲರೂ ನನ್ನ ಸುತ್ತ ನಿಂತರು. ಅತ್ತೆಯವರು ಬೈಯಲಿಲ್ಲ. ನನ್ನ ಬಿಳಿ ಧೋತರವನ್ನು ಮೇಲಿಂದ ಕೆಳಗೆ ನೋಡಿದರು.

"ಅಳಿಯಾರ, ಒಂದ್ ಮಾತು ಕೇಳ್ತೀನಿ. ನಿಮ್ಮ ಮಾವಗ ಕಡೀ ಕಷಾಯ ಕುಡಿಸಿದವರು ನೀವ ಅಲ್ಲೇನ್ರಿ?"

ಹೌದು, ನಾನೇ. ಮಾವ ನನ್ನ ಕೈಯಿಂದಲೇ ಕಡೆಯ ಗುಟುಕು ಕುಡಿದರೆಂದು ಎರಡು ವರ್ಷದಿಂದ ಬೀಗರ ಮುಂದೆಲ್ಲ ಜಂಬ ಕೊಚ್ಚಿಕೊಂಡವನೂ ನಾನೇ. ವಿಷಮಜ್ವರವಿತ್ತು, ಕಷಾಯ ವೈದ್ಯರು ಕೊಟ್ಟದ್ದು, ನಾನು ಬರೀ ಬಟ್ಟಲು ಹಿಡಿದಿದ್ದೆ ಎಂದು ತೊದಲಿದೆ. ತೊದಲಿದಷ್ಟೂ ಇಪ್ಪತ್ತು ಜೋಡಿ ಕಣ್ಣು ದೊಡ್ಡವಾದವು. ಗತಿಯಿಲ್ಲದೆ ಹೆಂಡತಿಯ ಕಡೆ ತಿರುಗಿದೆ.

"ಶಾಂತಾ, ನೀನರ ಹೇಳ. ನೀ ಅಲ್ಲೇ ಇದ್ದೆಲ್ಲ."

ಶಾಂತಾ ಸೆರಗನ್ನು ಬಾಯಿಗೆ ಹಿಡಿದಳು. "ನಾ ಅಡಗಿಮನ್ಯಾಗ ರೊಟ್ಟಿ ಬಡ್ಯಾಕತ್ತಿದ್ದೆ ನೋಡ್ರಿ. ಖರೇ ಹೇಳಬೇಕಂದ್ರ, ನಾ ಏನೂ ನೋಡಿಲ್ಲ."

ತಾಯಿ ಮಗಳು ಚಕ್ಕಡಿ ಹತ್ತಿದರು. ನನಗೆ ಯಾರೂ ಹತ್ತು ಎನ್ನಲಿಲ್ಲ. ಎತ್ತುಗಳು ಹೊರಟಮೇಲೆ ಅತ್ತೆಯವರು ಹಿಂತಿರುಗಿ, ಸಂಕ್ರಾಂತಿಗೆ ಬನ್ನಿ, ಕಳಿಸುವ ವಿಚಾರ ಆಗ ನೋಡೋಣ ಎಂದರು. ನನ್ನ ಜೀವ ಇನ್ನೇನು ಹಗುರಾಗಬೇಕು, ಅಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದರು.

"ಬರುವಾಗ ತಿನ್ನಾಕ ಕುಡ್ಯಾಕ ಏನೂ ತರಬ್ಯಾಡ್ರಿ."

ನಾನು "ಹೂನ್ರಿ" ಎಂದೆ. ನಿಜವಾದ ಕೊಲೆಗಡುಕನೂ ಇದಕ್ಕಿಂತ ಗಟ್ಟಿಯಾಗಿ ಮಾತಾಡುತ್ತಾನೆ!