ಸರ್ವರ್‌ನ ಬಾಯಿ ಮುಚ್ಚಿಸಿದ್ದು

ಹೆಚ್ಚು ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಇದೊಂದು ದೊಡ್ಡ ಗುಣವೆಂದೇ ಬಹಳ ಕಾಲ ನಂಬಿದ್ದೆ. ತಮಿಳುನಾಡಿನ ಪಲ್ಲಡಂನ ನಮ್ಮ ಮನೆಯ ಮುಂಭಾಗದಲ್ಲಿ ನಾಲ್ಕು ಪವರ್‌ಲೂಮ್ ಓಡುತ್ತಿದ್ದವು. ಆ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ಕಿರುಚಬೇಕಿತ್ತು, ಹಾಗಾಗಿ ಬೇಕಾದಷ್ಟೇ ಆಡುವ ಅಭ್ಯಾಸ. ಅಮ್ಮ "ಊಟ" ಎಂದರೆ ಊಟಕ್ಕೆ ಬಾ ಎಂದರ್ಥ. "ಬಾ" ಎನ್ನುವಷ್ಟು ದಮ್ಮು ಯಾರಿಗಿತ್ತು? ಅಂಥ ಮನೆಯಿಂದ ಬಂದ ನನ್ನ ಪಾಲಿಗೆ ಬಿದ್ದದ್ದು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಸರ್ವರ್.

ಸರ್ವರ್ ಎಂದರೆ ಭಾರಿ ಏನಲ್ಲ. ಯಾವ ಪೆಟ್ಟಿಗೆಯಲ್ಲಿ ಯಾವ ಅಳತೆಯ ಬನಿಯನ್ ಇದೆ ಎಂದು ನೆನಪಿಟ್ಟುಕೊಂಡು, ಪೆಟ್ಟಿಗೆಗೆ ಅಂಟಿಸುವ ಲೇಬಲ್ ಅಚ್ಚು ಹಾಕಿಕೊಡುವ ಕಂಪ್ಯೂಟರ್. ಜನ ಮನೆಗೆ ಹೋದ ಮೇಲೆ ಯಾವ ಯಂತ್ರವೂ ಓಡಕೂಡದು ಎಂಬುದು ಮಾಲೀಕರ ಕಟ್ಟಪ್ಪಣೆ. ಆದ್ದರಿಂದ ಅದು ದಿನಾ ಸಂಜೆ ಮಲಗಿ ಬೆಳಿಗ್ಗೆ ಏಳಬೇಕು. ಎದ್ದ ಕೂಡಲೇ ಮಾತು ಶುರು. ನಮ್ಮ ಪ್ರೋಗ್ರಾಮ್ ಯಾವ ಸಿದ್ಧ ಚೌಕಟ್ಟಿನ, ಎಂದರೆ ಫ್ರೇಮ್‌ವರ್ಕಿನ, ಮೇಲೆ ನಿಂತಿದೆಯೋ ಅದು ಮೊದಲು ತನ್ನ ಹೆಸರನ್ನು ಗೆರೆ ಗೆರೆಯಾಗಿ ಪರದೆ ತುಂಬ ಬರೆದುಕೊಳ್ಳುತ್ತದೆ. ಆಮೇಲೆ, ಆ ಫೈಲ್ ಹುಡುಕಿದೆ, ಸಿಕ್ಕಿತು; ಈ ಫೈಲ್ ಹುಡುಕಿದೆ, ಸಿಗಲಿಲ್ಲ, ಪರವಾಗಿಲ್ಲ, ಅದಿಲ್ಲದೆಯೂ ನಡೆಯುತ್ತದೆ. ಪರವಾಗಿಲ್ಲ ಎಂದಮೇಲೆ ಹೇಳುವುದು ಯಾತಕ್ಕೆ? ಹೀಗೆ ಸಾವಿರಾರು ಸಾಲು. ಅದರಲ್ಲಿ ನನಗೆ ಬೇಕಾದ ಒಂದು ಸಾಲನ್ನು ಹುಡುಕುವಷ್ಟರಲ್ಲಿ ತಲೆ ಚಿಟ್ಟು ಹಿಡಿಯುತ್ತಿತ್ತು. ಒಂದು ಶನಿವಾರ ಸಂಜೆ ಸೆಟ್ಟಿಂಗ್ ಫೈಲ್ ತೆರೆದು ಒಂದೇ ಒಂದು ಪದ ಬದಲಾಯಿಸಿದೆ. ಇನ್ನು ಮೇಲೆ ತಪ್ಪಾದರೆ ಮಾತ್ರ ಬಾಯಿ ಬಿಡು ಎಂದು ಅದರ ಅರ್ಥ. ಯಾರಿಗೂ ಹೇಳದೆ ಮನೆಗೆ ಹೋದೆ. ಹೇಳುವಂಥದ್ದಾದರೂ ಏನಿತ್ತು?

ಬೆಳಿಗ್ಗೆ ಏಳಕ್ಕೆ ಸರ್ವರ್ ರೂಮಿನ ಬೀಗ ತೆಗೆದು ಸ್ವಿಚ್ ಹಾಕುವವರು ಸಾವಿತ್ರಕ್ಕ. ನಮ್ಮಂತೆಯೇ ಕನ್ನಡ ಮಾತಾಡುವ ನೇಕಾರರ ಮನೆಯವರು. ಇಪ್ಪತ್ತು ವರ್ಷ ಮಗ್ಗ ಓಡಿಸಿ, ಮೊಣಕಾಲು ಸೋತ ಮೇಲೆ ಇಲ್ಲಿಗೆ ಬಂದವರು. ತಮಿಳು ಅಕ್ಷರ ಕೂಡಿಸಿಕೊಂಡು ಓದುತ್ತಾರೆ, ಕನ್ನಡ ಬಾಯಲ್ಲಿ ಮಾತ್ರ, ಇಂಗ್ಲಿಷ್ ಇಲ್ಲವೇ ಇಲ್ಲ. ಆದರೂ ಆ ಸಾಲುಗಳನ್ನು ಅವರು ದಿನವೂ ನೋಡುತ್ತಿದ್ದರು, ಮಗ್ಗದಲ್ಲಿ ನೂಲು ಓಡುವುದನ್ನು ನೋಡುವಂತೆ. ಸರಸರ ಓಡಿ, ನಡುವೆ ಒಂದು ಕಡೆ ಕೊಂಚ ತಡೆದು, ಮತ್ತೆ ಓಡಿ ನಿಂತರೆ ಸರ್ವರ್ ಎದ್ದಿತು ಎಂದು ಲೇಬಲ್ ವಿಭಾಗಕ್ಕೆ ಹೇಳಿ ಕಳಿಸುತ್ತಿದ್ದರು. ಇದು ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ಸೋಮವಾರ ಅವರು ಸ್ವಿಚ್ ಹಾಕಿದರು. ಪರದೆ ಕಪ್ಪಾಗಿ ಹಾಗೇ ಇತ್ತು, ಒಂದು ಸಾಲೂ ಇಲ್ಲ. ಕಾದರು, ಆಫ್ ಮಾಡಿ ಮತ್ತೆ ಹಾಕಿದರು. ಹೀಗೆ ನಾಲ್ಕು ಸಲ. ಪಾಪ, ಪ್ರತಿ ಸಲವೂ ಅದು ಬಾಯಿ ಮುಚ್ಚಿಕೊಂಡು ಏಳುತ್ತಲೇ ಇತ್ತು. ಅರ್ಧರ್ಧದಲ್ಲೇ ಕರೆಂಟು ಹೋಗಿ ಹೋಗಿ ಕೊನೆಗೆ ಅದರೊಳಗಿನ ಮಾಹಿತಿಯೇ ಕೆಟ್ಟಿತು. ಹೊರಗೆ ತೂತ್ತುಕುಡಿ ಬಂದರಿಗೆ ಹೋಗಬೇಕಾದ ಲಾರಿ ನಿಂತಿತ್ತು. ಲೇಬಲ್ ಇಲ್ಲದ ಪೆಟ್ಟಿಗೆಯನ್ನು ಏರಿಸುವಂತಿಲ್ಲ.

ಒಂಬತ್ತಕ್ಕೆ ನಾನು ಬಂದಾಗ ಮ್ಯಾನೇಜರ್ ಬಾಗಿಲಲ್ಲೇ ನಿಂತು ಸಾವಿತ್ರಕ್ಕನನ್ನು ತಮಿಳಿನಲ್ಲಿ ಬೈಯುತ್ತಿದ್ದರು. ಒಂದು ಸ್ವಿಚ್ ಹಾಕಲೂ ಬರುವುದಿಲ್ಲವೇ, ಬೀಗದ ಕೈ ಕೊಡಿ, ನಾಳೆಯಿಂದ ಪ್ಯಾಕಿಂಗ್‌ಗೆ ಹೋಗಿ ಎಂದರು. ಪ್ಯಾಕಿಂಗ್ ಎಂದರೆ ದಿನವಿಡೀ ನಿಂತೇ ಮಾಡುವ ಕೆಲಸ, ಆ ಮೊಣಕಾಲಿನಲ್ಲಿ. ಅವರು ಸೆರಗಿನ ತುದಿಯ ಗಂಟು ಬಿಚ್ಚಿ ಬೀಗದ ಕೈ ಕೊಟ್ಟರು. ಪರದೆ ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಆದರೆ ನಾಲಿಗೆ ಏಳಲಿಲ್ಲ. ಶನಿವಾರದ ಬ್ಯಾಕಪ್ ಹುಡುಕಿ ಸರ್ವರನ್ನು ಎಬ್ಬಿಸಿದೆ. ಮಧ್ಯಾಹ್ನದ ಹೊತ್ತಿಗೆ ಲಾರಿ ಹೊರಟಿತು. ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು, ನಾನು ತಟ್ಟಿಸಿಕೊಂಡೆ.

ಊಟದ ಹೊತ್ತಿಗೆ ಸಾವಿತ್ರಕ್ಕನ ಎದುರು ಹೋಗಿ ಕೂತೆ. "ಅಕ್ಕ, ತಪ್ಪು ನಂದು. ಸಾಲು ಬರದಂಗೆ ಮಾಡಿದ್ದು ನಾನೇ" ಎಂದೆ.

ಅವರು ಡಬ್ಬಿಯ ಮುಚ್ಚಳ ತೆಗೆಯುತ್ತ, "ಓಟ ನಿಂತ್ರೆ ತರಿ ನಿಂತ್ಹೋಯ್ತು ಅಂತ ತಾನೆ ತಂಬಿ? ಅದಕ್ಕೇ ಆಫ್ ಮಾಡಿ ಆಫ್ ಮಾಡಿ ಹಾಕಿದೆ" ಎಂದರು. ಮಗ್ಗಕ್ಕೆ ನಮ್ಮ ಮನೆಗಳಲ್ಲಿ ತರಿ ಎಂಬ ತಮಿಳು ಮಾತೇ ನಡೆಯುತ್ತದೆ. ಒಂದು ತುತ್ತು ತಿಂದು ಮತ್ತೆ ಹೇಳಿದರು: "ಬೆಳಗ್ಗೆ ನೀನೂ ಪಕ್ಕದಲ್ಲೇ ನಿಂತಿದ್ದೆ. ಸದ್ದೇ ಇಲ್ಲ. ನಿನ್ನ ಆಫ್ ಮಾಡಿ ಹಾಕೋಕಾಗಲ್ವಲ್ಲ."

ನನ್ನ ಡಬ್ಬಿ ಹಾಗೇ ಮುಚ್ಚಿಟ್ಟೆ. ಎದ್ದು ನೇರ ಮ್ಯಾನೇಜರ್ ಬಳಿ ಹೋದೆ. ಫ್ರೇಮ್‌ವರ್ಕ್ ಎಂದರೇನು ಎಂಬಲ್ಲಿಂದ ಶುರು ಮಾಡಿದೆ. ಅದು ಹೆಸರು ಬರೆದುಕೊಳ್ಳುವ ಬಗೆ, ಸಿಕ್ಕ ಫೈಲು, ಸಿಗದ ಫೈಲು, ನಮ್ಮ ಮನೆಯ ಪವರ್‌ಲೂಮು, ಅಮ್ಮ ಊಟಕ್ಕೆ ಕರೆಯುತ್ತಿದ್ದ ರೀತಿ, ಒಂದನ್ನೂ ಬಿಡಲಿಲ್ಲ. ಅವರು ಎರಡು ಸಲ ಗಡಿಯಾರ ನೋಡಿದರು. ಆಮೇಲೆ ಫೋನ್ ತೆಗೆದು ನೋಡುತ್ತ "ಸರಿ, ಸರಿ" ಎನ್ನತೊಡಗಿದರು. ಕಾಲು ಗಂಟೆಯಾದ ಮೇಲೆ, "ಈಗ ಏನಂತೀಯಪ್ಪಾ?" ಎಂದು ಕೇಳಿದರು.

"ತಪ್ಪು ನನ್ನದು ಸಾರ್, ಸಾವಿತ್ರಕ್ಕನದಲ್ಲ."

ಅವರು ತಲೆಯೆತ್ತಿದರು. ಡ್ರಾಯರ್ ಎಳೆದು ಬೀಗದ ಕೈ ನನ್ನ ಮುಂದಿಟ್ಟು, "ಇದೊಂದನ್ನು ಹೇಳೋಕೆ ಇಷ್ಟು ಹೊತ್ತಾ?" ಎಂದರು.

ಬೀಗದ ಕೈ ಮತ್ತೆ ಸಾವಿತ್ರಕ್ಕನ ಸೆರಗಿನ ಗಂಟಿಗೆ ಸೇರಿತು. ನಾನು ಬದಲಾಯಿಸಿದ್ದ ಪದವನ್ನು ಮೊದಲಿನಂತೆಯೇ ಮಾಡಿದೆ. ಮರುದಿನ ಏಳಕ್ಕೆ ಅವರ ಪಕ್ಕದಲ್ಲಿ ನಿಂತು ಸಾಲುಗಳು ಓಡುವುದನ್ನು ನೋಡಿದೆ. ಮೊದಲು ಹೆಸರು, ಆಮೇಲೆ ಸಿಕ್ಕಿದ್ದು, ಸಿಗದ್ದು, ಪರವಾಗಿಲ್ಲದ್ದು, ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಬೇಕಾದ ಆ ಒಂದೇ ಸಾಲು. ಹಿಂದಿನ ದಿನ ಮ್ಯಾನೇಜರ್ ಮುಂದೆ ನಾನು ಮಾತಾಡಿದ್ದೂ ಹೀಗೇ.