ಅತ್ತೆಯ ಜೇನಿನ ಪರ ನನ್ನ ವಕಾಲತ್ತು

ಜೇನುತುಪ್ಪ ಖಾಲಿ ಮಾಡುವುದು ಕಷ್ಟದ ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ. ಸಿಹಿ ವಸ್ತು, ಕೆಡದ ವಸ್ತು. ಮನೆಯಲ್ಲಿ ನಾವಿಬ್ಬರು ತಿನ್ನುವವರಿದ್ದೇವೆ, ಬೀದಿ ತುಂಬ ನೆರೆಯವರಿದ್ದಾರೆ. ಎರಡು ಕ್ಯಾನು ಜೇನು ಯಾವ ಲೆಕ್ಕ ಎಂದುಕೊಂಡೆ.

ಜೇನು ನನ್ನ ಅತ್ತೆಯದು. ಕೋಟೇಶ್ವರದ ನಮ್ಮ ಮನೆಯ ಹಿಂದೆ, ತೆಂಗಿನ ಮರಗಳ ನೆರಳಿನಲ್ಲಿ, ಅವರು ಜೇನುಪೆಟ್ಟಿಗೆಗಳನ್ನು ಇಟ್ಟುಕೊಂಡಿದ್ದರು. ಕಳೆದ ಬೇಸಿಗೆಯಲ್ಲಿ ತುಪ್ಪ ತೆಗೆದು, ಸೋಸಿ, ಕ್ಯಾನಿಗೆ ತುಂಬಿಸಿ, ಮುಚ್ಚಳದ ಮೇಲೆ ಬಟ್ಟೆ ಕಟ್ಟಿದರು. ಆ ವಾರವೇ ಹೋದರು. ಬೆಳಿಗ್ಗೆ ಕಾಫಿ ಕುಡಿದು, ಲೋಟ ತೊಳೆದು ಕವುಚಿಟ್ಟು, ಸ್ವಲ್ಪ ಒರಗುತ್ತೇನೆ ಎಂದವರು ಮತ್ತೆ ಏಳಲಿಲ್ಲ.

ಹೊಸ ತುಪ್ಪ ಬರುವ ಮೊದಲು ಹಳೆಯದು ಜನರ ಹೊಟ್ಟೆ ಸೇರಬೇಕು ಎನ್ನುವುದು ಅವರ ನಿಯಮವಾಗಿತ್ತು. ಅವರಿದ್ದಾಗ ಅದು ತಾನಾಗಿ ನಡೆಯುತ್ತಿತ್ತು. ಕೆಮ್ಮಿನವರು, ಮದ್ದು ಅರೆಯುವವರು, ಸುಮ್ಮನೆ ಮಾತಿಗೆ ಬಂದವರು, ಎಲ್ಲರೂ ಹೋಗುವಾಗ ಒಂದು ಬಾಟಲಿ ಒಯ್ಯುತ್ತಿದ್ದರು. ಈಗ ಯಾರೂ ಬರುತ್ತಿರಲಿಲ್ಲ. ಸಾವಾದ ಮನೆಯಲ್ಲಿ ಜೇನು ಕೇಳುವುದು ಹೇಗೆ ಎಂಬ ಸಂಕೋಚ. ಹಾಗಾಗಿ ಅತ್ತೆಯ ನಿಯಮವನ್ನು ಪಾಲಿಸುವ ಹೊಣೆಯನ್ನು ನಾನೇ ಹೊತ್ತುಕೊಂಡೆ.

ಮೊದಲು ಅಡುಗೆಮನೆಯಲ್ಲೇ ಶುರುಮಾಡಿದೆ. ಚಹಾಕ್ಕೆ ಜೇನು, ದೋಸೆಗೆ ಜೇನು, ಬೆಲ್ಲ ಬೀಳುವಲ್ಲೆಲ್ಲ ಜೇನು. ಕುಂದಾಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ದುಡಿದು ಮನೆಗೆ ಬರುವ ನನ್ನ ಗಂಡ ಕೆಲವು ದಿನ ಮಾತಾಡದೆ ಉಂಡರು. ಹಾಗಲಕಾಯಿ ಗೊಜ್ಜಿನ ದಿನ ನಾನೇ ಕೇಳಿದೆ.

“ಹ್ವಾಯ್, ಗೊಜ್ಜ್ ಹೇಂಗಿತ್ತ್?”

“ಗೊಜ್ಜಾ? ನಾ ಪಾಯ್ಸ ಅಂದ್ಕಂಡ್ ಉಂಡೆ.”

“ಈ ವರ್ಷ ನಮ್ಗೆ ಪಾಯ್ಸ ಇಲ್ಲೆ ಅಲ್ದಾ?”

“ಅದೇ ನಾನೂ ಆಲೋಚ್ನೆ ಮಾಡದ್ದ್. ನಾಳೆ ಬಂಗುಡೆ ಮೀನ್ ತಕಂಬತ್ತೆ. ಅದ್ಕೆ ಮಾತ್ರ ಹಾಕ್ಬೇಡ, ಆಯ್ತಾ?”

ಗೃಹಬಳಕೆಯ ವಿಭಾಗವನ್ನು ಅಲ್ಲಿಗೇ ಮುಚ್ಚಬೇಕಾಯಿತು.

ದೀಪಾವಳಿ ಬಂತು. ಸಾವಿನ ವರ್ಷ ಮನೆಯಲ್ಲಿ ಹಬ್ಬದ ಸಿಹಿ ಮಾಡುವಂತಿಲ್ಲ. ಆದರೆ ಆ ಮನೆಯವರು ಬಾಯಿ ಒಣಗಿಸಿಕೊಂಡು ಕೂರಬಾರದೆಂದು ನೆರೆಯವರು ಕಳಿಸುತ್ತಾರೆ. ನಮ್ಮ ಜಗಲಿಯ ಮೇಲೆ ಡಬ್ಬಿಗಳು ಸಾಲಾಗಿ ಬಂದು ಕೂತವು. ಬಂದ ಡಬ್ಬಿಯನ್ನು ಬರಿದಾಗಿ ತಿರುಗಿಸುವ ರೂಢಿಯೂ ನಮ್ಮಲ್ಲಿಲ್ಲ. ಏನು ತುಂಬುವುದು? ಆಗ ಹೊಳೆಯಿತು. ಸಿಹಿ ಮಾಡಬಾರದು, ಸರಿ. ಜೇನು ನಾನು ಮಾಡಿದ್ದಲ್ಲ, ಹುಳ ಮಾಡಿದ್ದು! ಶಾಸ್ತ್ರಕ್ಕೂ ರೂಢಿಗೂ ಏಕಕಾಲದಲ್ಲಿ ಒಪ್ಪುವ ಈ ಪರಿಹಾರಕ್ಕೆ ನನಗೆ ನಾನೇ ತಲೆದೂಗಿದೆ. ಬೀದಿಯ ಅಷ್ಟೂ ಡಬ್ಬಿಗಳು ಜೇನು ತುಂಬಿಕೊಂಡು ಮನೆ ಸೇರಿದವು.

ಆಮೇಲೆ ಚಳಿ ಬಿತ್ತು. ಪಕ್ಕದ ಮನೆಯ ಗಿರಿಜಕ್ಕ, ಅತ್ತೆಯ ಜೀವದ ಗೆಳತಿ, ಒಂದು ಬೆಳಿಗ್ಗೆ ಬೇಲಿಯ ಹತ್ತಿರ ನಿಂತು ದನಿ ತಗ್ಗಿಸಿದರು.

“ಹೆಣೆ, ಆ ಜೇನಿನ ಅಡಿಯಂಗೆ ಸಕ್ರಿ ಕೂತಾಂಗೆ ಕಾಂತ್ ಅಲ್ದಾ?”

“ಸಕ್ರಿಯಾ?”

“ನಾ ಎಂತದೂ ಹೇಳಿಲ್ಲೆ. ಶೀನಣ್ಣ ಹೇಳುದ್ ಕೇಂಡೆ.”

ಶೀನಣ್ಣ ಎದುರು ಮನೆಯವರು. ಮುಂಬಯಿಯ ಕ್ಯಾಂಟೀನಿನಲ್ಲಿ ಆಯುಷ್ಯ ಕಳೆದು ಊರಿಗೆ ಮರಳಿದವರು. ತಿನ್ನುವ ವಸ್ತುಗಳ ಮಟ್ಟಿಗೆ ನಮ್ಮ ಬೀದಿಯ ನ್ಯಾಯಾಲಯ. ಒಳಗೆ ಓಡಿ ಕ್ಯಾನಿನ ಬಟ್ಟೆ ಬಿಚ್ಚಿದೆ. ಜೇನು ಹರಳುಗಟ್ಟಿ, ಬೆಳ್ಳಗೆ ರವೆಯಂತೆ ಕೂತಿತ್ತು. ಜೇನಿಗೆ ಸಕ್ಕರೆ ಸೇರಿಸಿದವರು ಎಂಬ ಮಾತು ಅತ್ತೆಯ ಮೇಲೆ ಬರುವುದೇ? ಉತ್ತರ ಕೊಡಲು ಅವರು ಇಲ್ಲ. ಆದ್ದರಿಂದ ಅವರ ಪರ ವಕಾಲತ್ತು ವಹಿಸಲು ನಾನು ತೀರ್ಮಾನಿಸಿದೆ.

ಭಾನುವಾರ ಸಂಜೆ ನಮ್ಮ ಅಂಗಳದಲ್ಲಿ ಬಹಿರಂಗ ಪರೀಕ್ಷೆ ಏರ್ಪಟ್ಟಿತು. ಗಂಡ ಬೇಡವೆಂದರು. ನಾನು ಕುರ್ಚಿ ಹಾಕಿದೆ. ಬೀದಿಯವರು ಬಂದು ಕೂತರು.

ಮೊದಲನೆಯದು ಬೆಂಕಿಯ ಪರೀಕ್ಷೆ. ಶುದ್ಧ ಜೇನಿನಲ್ಲಿ ಅದ್ದಿದ ಬೆಂಕಿಕಡ್ಡಿಯೂ ಹೊತ್ತಿಕೊಳ್ಳುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಅದ್ದಿದೆ, ಗೀರಿದೆ. ಬೆಂಕಿಪೆಟ್ಟಿಗೆಯ ಬದಿ ಜೇನಾಯಿತು. ಇನ್ನೊಂದು ಕಡ್ಡಿ ಗೀರಿದೆ. ಪೆಟ್ಟಿಗೆಯ ಇನ್ನೊಂದು ಬದಿಯೂ ಜೇನಾಯಿತು.

“ಅಸಲಿ ಮಾಲ್ ಆರೆ ಭಕ್ ಅಂದ್ ಹೊತ್ಕಣ್ಕ್,” ಎಂದರು ಶೀನಣ್ಣ.

ಎರಡನೆಯದು ನೀರಿನದು. ಲೋಟದ ನೀರಿಗೆ ಜೇನು ಬಿಟ್ಟರೆ ಕರಗದೆ ನೇರ ತಳ ಸೇರಬೇಕು. ಸೇರಿತು. ನಾನು ಸಭೆಯತ್ತ ನೋಡಿದೆ.

“ಸಕ್ರಿಯೂ ಅಡಿಗೇ ಹೋಪ್ದಲೆ,” ಎಂದರು ಶೀನಣ್ಣ.

ಕೊನೆಯದು ನಾಯಿಯ ಪರೀಕ್ಷೆ. ಅಪ್ಪಟ ಜೇನನ್ನು ನಾಯಿ ಮೂಸಿಯೂ ನೋಡುವುದಿಲ್ಲ ಎಂಬುದು ನಮ್ಮ ಕಡೆ ಹಿರಿಯರಿಂದ ಕಿರಿಯರವರೆಗೆ ಎಲ್ಲರೂ ನಂಬಿದ ಮಾತು. ಗಿರಿಜಕ್ಕನ ನಾಯಿ ಕಾಳುವನ್ನು ಕರೆಸಿ ತಟ್ಟೆ ಇಟ್ಟೆ. ಕಾಳು ಮೂಸಿತು. ನನ್ನ ಮುಖ ನೋಡಿತು. ಆಮೇಲೆ ತಟ್ಟೆಯನ್ನು ನೆಕ್ಕುತ್ತ, ತಳ್ಳುತ್ತ, ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಹೋಗಿ, ಖಾಲಿ ತಟ್ಟೆಯ ಮುಂದೆ ಕೂತು ಬಾಲ ಅಲ್ಲಾಡಿಸಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

“ಅಲ್ಲ, ಆಸಾಡಿಯಂಗೆ ನಿಮ್ಮನಿಗೆ ಸಕ್ರಿ ಚೀಲ ಬಪ್ದ್ ನಾ ಕಂಡಿದ್ದೆ,” ಎಂದರು ಶೀನಣ್ಣ.

ನನಗೆ ಸುಳ್ಳು ಹೇಳಲು ಬರುವುದಿಲ್ಲ. “ಹೌದ್ ಶೀನಣ್ಣ. ಮಳೆಗಾಲ ಅತ್ತೆ ಸಕ್ರಿ ಪಾಕ ಮಾಡುದಿತ್ತ್,” ಎಂದೆ. ಹೂವಿಲ್ಲದ ಆ ದಿನಗಳಲ್ಲಿ ಹುಳಗಳು ಉಪವಾಸ ಬೀಳದಂತೆ ಅವರು ಪೆಟ್ಟಿಗೆಯೊಳಗೆ ಪಾಕ ಇಡುತ್ತಿದ್ದರು ಎಂದು ಮುಂದುವರಿಸುವವಳಿದ್ದೆ. ಅಷ್ಟರಲ್ಲಿ ಗಿರಿಜಕ್ಕ ಎದ್ದರು. ನನ್ನ ಕಡೆ ನೋಡದೆ, ಕಾಳುವನ್ನು ಎಳೆದುಕೊಂಡು ಹೊರಟರು. ಅವರ ಹಿಂದೆ ಎಲ್ಲರೂ ಎದ್ದರು.

ಅತ್ತೆ ಬದುಕಿನುದ್ದಕ್ಕೂ ಕಾಪಾಡಿಕೊಂಡ ಹೆಸರನ್ನು ನಾನು ಒಂದೇ ಸಂಜೆಯಲ್ಲಿ, ಕುರ್ಚಿ ಹಾಕಿ ಜನ ಕರೆದು ಕಳೆದಿದ್ದೆ.

ಕುರ್ಚಿಗಳನ್ನು ಒಳಗಿಡುತ್ತ ಗಂಡ ಮೆಲ್ಲಗೆ ಹೇಳಿದರು. “ಚಳಿಗೆ ಜೇನ್ ಗಟ್ಟಿ ಆಪ್ದ್ ಹೌದ್ ಮಾರಾಯ್ತಿ. ಅಮ್ಮ ಬಿಸಿನೀರಂಗೆ ಇಟ್ಟ್, ಕರ್ಗ್ಸಿ ಕೊಡುದಿತ್ತ್.”

“ಇದನ್ನ ಮೊದ್ಲೇ ಹೇಳುಕಾಗ್ದಾ?”

“ನೀ ನನ್ಹತ್ರ ಕೇಂಡ್ಯಾ? ನಾಯಿ ಹತ್ರ ಕೇಂಡದ್ದ್.”

ಮರುದಿನ ಬೆಳಿಗ್ಗೆ ಹಂಡೆಯ ಬಿಸಿನೀರನ್ನು ಬಕೆಟ್ಟಿಗೆ ತೋಡಿ ಒಂದು ಬಾಟಲಿ ಜೇನನ್ನು ಇಟ್ಟೆ. ನೋಡುತ್ತಿದ್ದಂತೆ ಹರಳು ಕರಗಿ, ತುಪ್ಪ ಮೊದಲಿನಂತೆ ಕೆಂಪಗೆ ತಿಳಿಯಾಯಿತು. ಅದನ್ನು ಹಿಡಿದು ಮನೆಮನೆಗೆ ಹೋಗಿ ವಿವರಿಸಬೇಕು ಎಂದುಕೊಳ್ಳುವಾಗ ಗಿರಿಜಕ್ಕನೇ ಬಂದರು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ.

“ಕಾಣ್ ಹೆಣೆ, ಒಂದ್ ಮಾತ್ ಹೇಳ್ತೆ. ನೀ ಸಕ್ರಿ ಸೇರ್ಸದ್ದಕ್ಕೆ ನಂಗ್ ಸಿಟ್ಟಿಲ್ಲೆ. ಬೀದಿಗೆಲ್ಲ ಹಂಚುಕೆ ಸಾಕಾಯ್ಲಿಲ್ಲೆ, ಅದ್ಕೆ ಸೇರ್ಸದ್ದ್. ಆದ್ರೆ ಅದನ್ನ ಸತ್ತವ್ರ ತಲೆಗೆ ಕಟ್ಟುಕಾಗ.”

“ನಾನಾ? ಸೇರ್ಸದ್ದಾ?”

“ಮತ್ಯಾರ್? ನಿನ್ ಅತ್ತಿ ಮೇಲೆ ಸಂಶಯ ಮಾಡುವ ಜನ ಈ ಊರಂಗೆ ಇತ್ತಾ? ಅವ್ರ್ ಹುಳಕ್ಕೆ ಪಾಕ ಇಡುದ್ ನಂಗ್ ಗೊತ್ತಿಲ್ಯಾ? ಎಷ್ಟೋ ಸಲ ಕಾಸಿ ಕೊಟ್ಟದ್ದೇ ನಾನ್.”

ಚಳಿ, ಹರಳು, ಬಿಸಿನೀರು, ಎಲ್ಲ ವಿವರಣೆ ನನ್ನ ಬಾಯಿಯ ತುದಿಯಲ್ಲಿತ್ತು. ಗಿರಿಜಕ್ಕನ ಮುಖ ನೋಡಿದೆ. ಅತ್ತೆಯ ಮೇಲೆ ಮೊಕದ್ದಮೆಯೇ ಇರಲಿಲ್ಲ. ಅವರ ಪರ ನನಗಿಂತ ಒಳ್ಳೆಯ ವಕೀಲರಿದ್ದರು. ಎದುರು ಪಕ್ಷ ಎಂದು ಇದ್ದದ್ದು ನಾನೊಬ್ಬಳೇ. ಅತ್ತೆ ಹೋದ ಮೇಲೆ ಅಷ್ಟು ಹಗುರ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

“ತಪ್ಪಾಯ್ತ್ ಗಿರಿಜಕ್ಕ,” ಎಂದೆ.

ಅವರ ದನಿ ಇಳಿಯಿತು. “ಅವ್ರ್ ಕೈಯಂದ್, ನೀ ಎಂತದೂ ಸೇರ್ಸ್ದೇ ಇದ್ದದ್ದ್, ಒಂಚೂರಾರೂ ಉಳ್ದಿತ್ತಾ?”

ಬಕೆಟ್ಟಿನಿಂದ ಬಾಟಲಿ ತೆಗೆದು, ಒರೆಸಿ ಕೊಟ್ಟೆ. ಅವರು ಬೆರಳಿಗೆ ತಾಗಿಸಿಕೊಂಡು ಬಾಯಿಗಿಟ್ಟರು. “ಇದ್. ಇದ್ ಅವ್ರದ್ದ್,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಬಕೆಟ್ಟಿನ ನೀರು ನೋಡುತ್ತ ನಿಂತೆ.

ಸುದ್ದಿ ಹಬ್ಬಿತು. ಅತ್ತೆಯ ಅಸಲಿ ಜೇನು ಒಳಗೆ ಅಡಗಿದೆ ಎಂದು ಗೊತ್ತಾದ ಮೇಲೆ ಯಾರಿಗೂ ಸಂಕೋಚ ಉಳಿಯಲಿಲ್ಲ. ಒಬ್ಬೊಬ್ಬರೇ ಬಂದು ನನ್ನ ಕಲಬೆರಕೆಯನ್ನು ಹಿಂದೆ ಕೊಟ್ಟು, ಅತ್ತೆಯದ್ದನ್ನು ಅದರ ಎರಡರಷ್ಟು ಒಯ್ದರು. ಒಬ್ಬರು ತಿರುಗಿಸಿದ ಕಲಬೆರಕೆಯನ್ನು ಬಿಸಿನೀರಿನಲ್ಲಿಟ್ಟು ನಾನು ಇನ್ನೊಬ್ಬರಿಗೆ ಅಸಲಿ ಕೊಟ್ಟೆ. ಜೊತೆಗೆ ಎಲ್ಲರೂ ಜಗಲಿಯಲ್ಲಿ ಕೂತು ಅತ್ತೆಯ ಮಾತಾಡಿ ಹೋದರು. ಬೇಸಿಗೆಗೆ ಮೊದಲೇ ಎರಡೂ ಕ್ಯಾನು ಖಾಲಿ.

ಈಗ ಹಿಂದಿನ ಪೆಟ್ಟಿಗೆಗಳಲ್ಲಿ ಮತ್ತೆ ತುಪ್ಪ ತುಂಬಿದೆ. ಈ ಸಲ ತೆಗೆಯುವವಳು ನಾನೇ. ನಿನ್ನೆ ಕ್ಯಾನು ತೊಳೆದು ಅಂಗಳದಲ್ಲಿ ಕವುಚಿ ಹಾಕುವಾಗ ಶೀನಣ್ಣ ದಾರಿಯಲ್ಲೇ ನಿಂತು, ಬಹಳ ಸಮಾಧಾನದಿಂದ, ಮಗಳಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು.

“ಈ ಸಲ ಒಂಚೂರ್ ಸಕ್ರಿ ಕಮ್ಮಿ ಹಾಕ್ ಮಾರಾಯ್ತಿ.”

“ಆಯ್ತ್ ಶೀನಣ್ಣ,” ಎಂದೆ.