ಚಹಾ ಯಂತ್ರದೊಳಗೆ ಮನುಷ್ಯರು ಕಂಡುಬಂದಲ್ಲಿ ಅನುಸರಿಸತಕ್ಕ ಕ್ರಮದ ಬಗ್ಗೆ

ಮಾರಾಟ ಯಂತ್ರಗಳ ಪರವಾನಗಿ ನೋಡಿಕೊಳ್ಳುವ ವಿಭಾಗ, ಠಾಣೆ ಜಿಲ್ಲೆ
(ವಿಭಾಗದ ಅಧಿಕೃತ ಹೆಸರು ಮಂಜೂರಾತಿಯ ಹಂತದಲ್ಲಿದೆ)

ಸಂಖ್ಯೆ: ಮಾಯಂ/ಚಹಾ/ತುರ್ಭೆ/17/2011-12
ದಿನಾಂಕ: 25 ಆಗಸ್ಟ್ 2011

(ಮರಾಠಿ ಮೂಲದ ಕನ್ನಡ ಪ್ರತಿ. ಪರವಾನಗಿದಾರರಲ್ಲಿ ಹೆಚ್ಚಿನವರು ಉಡುಪಿ, ದಕ್ಷಿಣ ಕನ್ನಡದ ಕಡೆಯವರಾಗಿದ್ದು, ಮರಾಠಿ ಪ್ರತಿ ಕಳಿಸಿದಾಗಲೆಲ್ಲ "ಓದಿದೆವು, ಚಹಾ ಕುಡಿದು ಹೋಗಿ" ಎಂದಷ್ಟೇ ಉತ್ತರ ಬರುತ್ತಿರುವುದರಿಂದ ಹೊರಡಿಸಲಾಗಿದೆ.)

ವಿಷಯ: ಠಾಣೆ, ಡೊಂಬಿವಿಲಿ, ಕಲ್ಯಾಣ ಹಾಗೂ ನವಿ ಮುಂಬಯಿಯಲ್ಲಿ ಚಹಾ-ಕಾಫಿ ಮಾರಾಟ ಯಂತ್ರ ನಡೆಸುವ ಪರವಾನಗಿಯ ಷರತ್ತುಗಳಿಗೆ ತಿದ್ದುಪಡಿ.

ಉಲ್ಲೇಖ:
1) ನವಿ ಮುಂಬಯಿಯ ತುರ್ಭೆಯ ಒಂದು ಗೋದಾಮಿನ ಹಮಾಲರ ಪ್ರಶಂಸಾ ಪತ್ರ, ದಿನಾಂಕ 11-7-2011 (ಸಹಿ 18, ಹೆಬ್ಬೆಟ್ಟು 43).
2) ತನಿಖಾ ವರದಿ, ದಿನಾಂಕ 19-7-2011 (ಎರಡನೆಯ ಪುಟದಲ್ಲಿ ಚಹಾದ ಕಲೆ ಇರುವುದನ್ನು ದೃಢೀಕರಿಸಲಾಗಿದೆ).
3) ಇದೇ ವಿಭಾಗದ ಸುತ್ತೋಲೆ ಸಂಖ್ಯೆ 16. ಹೊರಡಿಸಿದವರಿಗೂ ಅರ್ಥವಾಗದ ಕಾರಣ ಅದನ್ನು ಹಿಂಪಡೆಯಲಾಗಿದೆ.

ಪ್ರಸ್ತಾವನೆ

ಉಲ್ಲೇಖ ಒಂದರ ಗೋದಾಮಿನ ಕ್ಯಾಂಟೀನಿನಲ್ಲಿ 1980ರಿಂದ ಚಹಾ ಮಾಡುತ್ತಿದ್ದ ಶ್ರೀ ಪೂವಪ್ಪ (58 ವರ್ಷ, ಮೂಲ ಊರು ಕಾರ್ಕಳದ ಹತ್ತಿರ, ವಾಸ ಬದಲಾಪುರ) ಅವರನ್ನು, ಆಧುನೀಕರಣದ ನಿಮಿತ್ತ, ಕಳೆದ ಜೂನ್ ತಿಂಗಳಲ್ಲಿ ಒಂದು ಹಾರ ಹಾಗೂ ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಲಾಯಿತು. ಕ್ಯಾಂಟೀನಿನ ಪರವಾನಗಿಯನ್ನೂ ರದ್ದುಪಡಿಸಲಾಯಿತು. ಅವರು ನಿಂತು ಚಹಾ ಕೊಡುತ್ತಿದ್ದ ಗೋಡೆಯ ಕಿಂಡಿಯಲ್ಲಿಯೇ ಒಂದು ಚಹಾ ಯಂತ್ರವನ್ನು ಕೂರಿಸಲಾಯಿತು. ಯಂತ್ರದ ಮುಖ ಗೋದಾಮಿನ ಅಂಗಳಕ್ಕೂ, ಬೆನ್ನು ಹಳೆಯ ಅಡಿಗೆಕೋಣೆಗೂ ಇತ್ತು. ಪರವಾನಗಿ ನೆರೂಳಿನ ಶ್ರೀಮತಿ ಜಯಲತಾ ಅವರ ಹೆಸರಿನಲ್ಲಿದ್ದು, ಸ್ವಂತವಾಗಿ ಅವರು ಹಿಡಿದ ಮೊದಲ ಉದ್ಯೋಗ ಇದಾಗಿತ್ತು.

ಯಂತ್ರವು ಮೂರು ದಿನ ಕೆಲಸ ಮಾಡಿತು. ನಾಲ್ಕನೆಯ ದಿನ, ಮಳೆಯ ಥಂಡಿಗೆ ಹಾಲಿನ ಪುಡಿ ಗಟ್ಟಿಯಾಗಿ, "ದಯವಿಟ್ಟು ಕಾಯಿರಿ" ಎಂಬ ಅಕ್ಷರಗಳನ್ನು ತೋರಿಸಿ ನಿಂತುಹೋಯಿತು. ಹಮಾಲರ ಮುಕಾದಮ (ಮೇಸ್ತ್ರಿ), ವಿಜಾಪುರದ ಕಡೆಯ ಶ್ರೀ ಜಟ್ಟೆಪ್ಪ ಅವರ ಹೇಳಿಕೆಯನ್ನು ಇದ್ದಂತೆಯೇ ನಮೂದಿಸಲಾಗಿದೆ: "ಕಾಯ್ರಿ ಅಂತು, ಕಾದ್ವಿ. ಹತ್ತರಿಂದ ಹನ್ನೊಂದರ ತನಕ ಕಾದ್ವಿ. ಆಮ್ಯಾಗ ಯಾರೋ ಒದ್ದಾರ್ರೀ. ಯಾರಂತ ನನಗ ಗೊತ್ತಿಲ್ಲ, ನನ್ನ ಕಾಲಂತೂ ನೋಯಾಕತ್ತಿತ್ತು."

ಮೆಕ್ಯಾನಿಕ್ ಪುಣೆಯಿಂದ ಬರಬೇಕಾಗಿದ್ದು, ಎಂಟು ದಿನ ಆಗುವುದಾಗಿ ತಿಳಿಸಲಾಯಿತು. ಯಂತ್ರ ಮೂರು ದಿನಕ್ಕಿಂತ ಹೆಚ್ಚು ಬಂದ್ ಇದ್ದರೆ ಪರವಾನಗಿ ತಾನಾಗಿ ರದ್ದಾಗುತ್ತದೆ ಎಂಬುದು ಈ ವಿಭಾಗದ ನಿಯಮ. ಆದುದರಿಂದ ಶ್ರೀಮತಿ ಜಯಲತಾ ಅವರು ಬದಲಾಪುರಕ್ಕೆ ಫೋನ್ ಮಾಡಿ, "ಪೂವಪ್ಪಣ್ಣ, ಮೆಕ್ಯಾನಿಕ್ ಬರುವವರೆಗೆ ಒಂದು ಎಂಟು ದಿನ ಬನ್ನಿ. ಯಾರಿಗೂ ಗೊತ್ತಾಗಬಾರದು" ಎಂದು ಕೇಳಿಕೊಂಡರು. ಅವರು, "ಬರ್ತೇನೆ ಮಾರಾಯ್ತಿ. ಮನೆಯಲ್ಲಿ ಕೂತು ಆ ಗಡಿಯಾರ ನೋಡಿ ನೋಡಿ ನನಗೇ ಕೀಲಿ ಕೊಟ್ಟ ಹಾಗೆ ಆಗಿದೆ" ಎಂದರು.

ಮರುದಿನ ಯಂತ್ರದ ಒಳಭಾಗವನ್ನೆಲ್ಲ ಕಳಚಿ, ಗೋಣಿ ಹೊದೆಸಿ, ಮೂಲೆಯಲ್ಲಿ ಇಡಲಾಯಿತು. ಮುಖವನ್ನು ಮಾತ್ರ ಕಿಂಡಿಯಲ್ಲಿ ಉಳಿಸಿಕೊಳ್ಳಲಾಯಿತು. ನಾಣ್ಯ ಬಿದ್ದ ಸದ್ದು ಕೇಳಿದ ಕೂಡಲೇ ಶ್ರೀ ಪೂವಪ್ಪ ಅವರು ಹಿಂದಿನಿಂದ ಶುಂಠಿ ಜಜ್ಜಿ ಹಾಕಿದ ಚಹಾವನ್ನು ಕಿಂಡಿಯೊಳಗಿಂದ ಹೊರಕ್ಕೆ ತಳ್ಳುತ್ತಿದ್ದರು. ಎಂಟು ದಿನವೆಂದದ್ದು ಮೂವತ್ತಮೂರು ದಿನವಾಯಿತು. ಯಂತ್ರದ ಚಹಾ ಚೆನ್ನಾಗಿದೆ ಎಂದು ಪಕ್ಕದ ಗೋದಾಮುಗಳಿಂದಲೂ ಜನ ಬರತೊಡಗಿದರು.

ಹೀಗಿರಲು ಉಲ್ಲೇಖ ಒಂದರ ಪತ್ರ ಬಂದಿತು. ಯಂತ್ರಕ್ಕೆ ಬಹುಮಾನ ಕೊಡಬೇಕೆಂದೂ, ಮುಕಾದಮರಿಗೆ ಜ್ವರ ಬಂದಾಗ ಅದು ಕೇಳದೆಯೇ ಕಷಾಯ ಕೊಟ್ಟಿತೆಂದೂ ಅದರಲ್ಲಿ ಬರೆಯಲಾಗಿತ್ತು. ಈ ವಿಭಾಗಕ್ಕೆ ಈವರೆಗೆ ದೂರುಗಳಲ್ಲದೆ ಪ್ರಶಂಸೆ ಬಂದ ಉದಾಹರಣೆ ಇಲ್ಲವಾದ್ದರಿಂದ ಗಂಭೀರ ಅಕ್ರಮ ನಡೆದಿದೆ ಎಂದು ಭಾವಿಸಿ, ತನಿಖಾಧಿಕಾರಿ ಶ್ರೀ ಹೃಷೀಕೇಶ ಅವರನ್ನು ಕಳಿಸಲಾಯಿತು. (ಕಲ್ಯಾಣದಲ್ಲಿ ಹುಟ್ಟಿ ಬೆಳೆದಿದ್ದರೂ ಸದರಿಯವರ ಕನ್ನಡ ಧಾರವಾಡದ್ದು.)

ಅವರು 19-7-2011ರ ಮಧ್ಯಾಹ್ನ ಎರಡು ಗಂಟೆಗೆ ನಾಣ್ಯ ಹಾಕಿ ಕಾಫಿಯ ಗುಂಡಿ ಒತ್ತಿದರು. ನಂತರ ನಡೆದದ್ದು ವರದಿಯಲ್ಲಿ ಹೀಗಿದೆ:

ಯಂತ್ರ: "ಕಾಫಿಪುಡಿ ಮುಗಿದಿದೆ. ಚಹಾ ಆಗ್ಬಹುದಾ?"
ತನಿಖಾಧಿಕಾರಿ: "ಒಳಗ ಯಾರದಾರ?"
ಯಂತ್ರ: "ಯಾರೂ ಇಲ್ಲ."

ಯಂತ್ರದ ಈ ಹೇಳಿಕೆಯನ್ನು ನಂಬಿ, ಶ್ರೀ ಹೃಷೀಕೇಶ ಅವರು ಯಂತ್ರಕ್ಕೂ, ಅಡಿಗೆಕೋಣೆಯ ಒಂದೇ ಒಂದು ಬಾಗಿಲಿಗೂ ಸರಕಾರಿ ಸೀಲು ಹಾಕಿದರು. ಸೀಲು ಹಾಕುವಾಗ ಸುಮ್ಮನಿದ್ದುದೇಕೆ ಎಂಬ ಪ್ರಶ್ನೆಗೆ ಶ್ರೀ ಪೂವಪ್ಪ ಅವರು ಆಮೇಲೆ ಕೊಟ್ಟ ಉತ್ತರ: "ಇಲ್ಲ ಅಂತ ಒಮ್ಮೆ ಹೇಳಿ ಆಗಿತ್ತಲ್ಲ. ಮತ್ತೆ ಇದ್ದೇನೆ ಅಂತ ಹೇಗೆ ಹೇಳುವುದು? ಆ ಹುಡುಗಿಯ ಲೈಸೆನ್ಸು ಹೋಗುವುದಿಲ್ಲವಾ?"

ತನಿಖಾಧಿಕಾರಿಗಳು ಅಂಗಳದಲ್ಲಿ ಕುಳಿತು "ಯಂತ್ರ ಸ್ತಬ್ಧವಾಗಿದೆ" ಎಂದು ಬರೆಯುತ್ತಿದ್ದಾಗ ಕಿಂಡಿಯಿಂದ ಒಂದು ಲೋಟ ಹೊರಬಂದಿತು. ಜೊತೆಗೆ, "ನಾಣ್ಯ ಹಾಕಿದ್ದೀರಿ, ತಗೊಳ್ಳಿ. ಸಕ್ಕರೆ ಕಮ್ಮಿ ಹಾಕಿದ್ದೇನೆ" ಎಂಬ ಮಾತೂ ಬಂದಿತು. ಉಲ್ಲೇಖ ಎರಡರ ಕಲೆ ಆಗಿನದು.

ಸೀಲು ಒಡೆಯುವ ಅಧಿಕಾರ ಠಾಣೆಯ ಕಚೇರಿಯಲ್ಲಿರುವ, ಈ ಸುತ್ತೋಲೆಯ ಕೆಳಸಹಿದಾರರಿಗೆ ಮಾತ್ರ ಇರುವುದರಿಂದ ಅವರಿಗೆ ಫೋನ್ ಮಾಡಲಾಯಿತು. ಅಂದು ಜೋರು ಮಳೆ. ಜೀಪು ಮೂರೂವರೆ ಗಂಟೆ ತೆಗೆದುಕೊಂಡಿತು. ಆ ಅವಧಿಯಲ್ಲಿ ಶ್ರೀಮತಿ ಜಯಲತಾ ಅವರು ನೆರೂಳಿನಿಂದ ರಿಕ್ಷಾದಲ್ಲಿ ಬಂದು, "ತಪ್ಪು ನನ್ನದು ಸರ್. ಲೈಸೆನ್ಸ್ ಬೇಕಾದರೆ ಈಗಲೇ ಹರಿದು ಹಾಕಿ. ಆ ಹಿರಿಯರನ್ನು ಹೊರಗೆ ಬಿಡಿ" ಎಂದು ಅತ್ತರು. ಒಳಗಿನಿಂದ, "ಜಯಾ, ಅಳಬೇಡ. ಗ್ಯಾಸ್ ಇದೆ, ಹಾಲಿದೆ, ಕೂರಲಿಕ್ಕೆ ಡಬ್ಬ ಇದೆ. ನನಗೆಂತ ಕಷ್ಟ?" ಎಂದು ಉತ್ತರ ಬಂದಿತು. ಹಮಾಲರು ಮೂಟೆ ಎತ್ತುವುದನ್ನು ನಿಲ್ಲಿಸಿದರು. ಜಟ್ಟೆಪ್ಪ ಅವರು ಹಾರೆ ತರಿಸಿ, "ಗ್ವಾಡಿ ಕೆಡವತೀನಿ ಅಣ್ಣಾ, ಬಾಜೂಕ ಸರೀರಿ" ಎಂದಾಗ, "ಗೋಡೆ ಮುಟ್ಟಬೇಡ ಮಾರಾಯ, ಮುಂದೆ ಸಾಹೇಬ್ರಿಗೆ ತೊಂದರೆ ಆಗ್ತದೆ. ಎಲ್ಲ ಕೂತ್ಕೊಳ್ಳಿ, ಚಹಾ ಕೊಡ್ತೇನೆ" ಎಂದು ಕೈದಿಯೇ ಶಾಂತಿ ಕಾಪಾಡಿದರು. ತನಿಖಾಧಿಕಾರಿಗಳು ನಾಲ್ಕು ಲೋಟ ಕುಡಿದರು. "ಮೂರನೆಯ ಲೋಟದ ಹೊತ್ತಿಗೆ ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು" ಎಂಬ ವಾಕ್ಯವನ್ನು ಅವರು ವರದಿಯಲ್ಲಿ ಬರೆದಿದ್ದು, ನಿಗದಿತ ನಮೂನೆಯಲ್ಲಿ ಅದಕ್ಕೆ ಕಲಂ ಇಲ್ಲದ ಕಾರಣ "ಇತರೆ"ಯಲ್ಲಿ ಸೇರಿಸಲಾಗಿದೆ.

ಸಂಜೆ ಐದೂಮುಕ್ಕಾಲಿಗೆ ಸೀಲು ಒಡೆಯಲಾಯಿತು. ಶ್ರೀ ಪೂವಪ್ಪ ಅವರು ಬೈರಾಸಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಬಂದು, "ಮಳೆಯಲ್ಲಿ ಬಂದಿದ್ದೀರಿ, ಮೊದಲು ಬಿಸಿ ಕುಡೀರಿ, ಮತ್ತೆ ಕೇಸ್ ಹಾಕುವಿರಂತೆ" ಎಂದು ಕೆಳಸಹಿದಾರರ ಕೈಗೆ ಲೋಟ ಕೊಟ್ಟರು. ಕುಡಿಯಲಾಯಿತು. ಅನಂತರ, ಅಲ್ಲಿಯೇ ಮೂಟೆಗಳ ಮೇಲೆ ಕುಳಿತು, ನಿಯಮ ಪುಸ್ತಕದಲ್ಲಿ ಯಂತ್ರದ ವ್ಯಾಖ್ಯೆಯನ್ನು ಗಟ್ಟಿಯಾಗಿ ಓದಲಾಯಿತು: "ನಾಣ್ಯ ಹಾಕಿದವರೆಲ್ಲರಿಗೂ ಭೇದವಿಲ್ಲದೆ, ಪ್ರತಿ ಸಲವೂ ಒಂದೇ ಗುಣಮಟ್ಟದ ವಸ್ತುವನ್ನು, ಬೇಸರವಿಲ್ಲದೆ ಕೊಡತಕ್ಕದ್ದು." ಮೂಲೆಯಲ್ಲಿ ಗೋಣಿ ಹೊದ್ದು ಕುಳಿತಿದ್ದ ವಸ್ತು ಈ ವ್ಯಾಖ್ಯೆಯಲ್ಲಿ ಬರುವುದಿಲ್ಲ ಎಂದು ಎಲ್ಲರೂ ಒಪ್ಪಿದರು. ಶ್ರೀ ಪೂವಪ್ಪ ಅವರು ಅದರಲ್ಲಿ ಬರುತ್ತಾರೆ. ಕ್ಯಾಂಟೀನಿನ ಪರವಾನಗಿ ರದ್ದಾಗಿರುವಲ್ಲಿ ಮನುಷ್ಯರು ಚಹಾ ಮಾರುವಂತಿಲ್ಲ; ಯಂತ್ರ ಮಾರಬಹುದು. ಬೇರೆ ದಾರಿ ಇಲ್ಲವಾದ್ದರಿಂದ ಶ್ರೀ ಪೂವಪ್ಪ ಅವರನ್ನು ಯಂತ್ರವೆಂದು ನೋಂದಾಯಿಸಿ, ಶ್ರೀಮತಿ ಜಯಲತಾ ಅವರ ಪರವಾನಗಿಯನ್ನು ಮುಂದುವರಿಸಲಾಯಿತು. ಅಂಗಳದಲ್ಲಿ ಶಿಳ್ಳೆ ಹೊಡೆಯಲಾಯಿತು.

ಮೇಲಿನ ಕಾರಣಗಳಿಗಾಗಿ ಎಲ್ಲ ಸಿಬ್ಬಂದಿ ಹಾಗೂ ಪರವಾನಗಿದಾರರು ಪಾಲಿಸಬೇಕೆಂದು ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಇನ್ನು ಮುಂದೆ ಮಾರಾಟ ಯಂತ್ರಗಳಲ್ಲಿ ಎರಡು ವರ್ಗ. ಕಬ್ಬಿಣದವು 'ಅ' ವರ್ಗ. ಉಸಿರಾಡುವವು 'ಬ' ವರ್ಗ.

2. ಯಾವುದೇ ಯಂತ್ರಕ್ಕೆ ಸೀಲು ಹಾಕುವ ಮುನ್ನ ಒಳಗೆ ಯಾರಾದರೂ ಇದ್ದಾರೆಯೇ ಎಂದು ಮರಾಠಿ, ಹಿಂದಿ, ಕನ್ನಡ ಮತ್ತು ತುಳುವಿನಲ್ಲಿ ಮೂರು ಮೂರು ಸಲ ಕೂಗತಕ್ಕದ್ದು. "ಯಾರೂ ಇಲ್ಲ" ಎಂಬ ಉತ್ತರ ಬಂದಲ್ಲಿ ಇದ್ದಾರೆ ಎಂದು ತಿಳಿಯತಕ್ಕದ್ದು.

3. 'ಬ' ವರ್ಗದ ಯಂತ್ರಕ್ಕೆ ಕಿಟಕಿ, ಫ್ಯಾನ್, ಒರಗುವ ಕುರ್ಚಿ ಹಾಗೂ ಒಳಗಿನಿಂದ ತೆರೆಯುವ ಬಾಗಿಲು ಕಡ್ಡಾಯ. ಡಬ್ಬದ ಮೇಲೆ ಕೂರಿಸುವಂತಿಲ್ಲ.

4. ಯಂತ್ರವು ಗ್ರಾಹಕರ ಜ್ವರ, ಸೊಂಟನೋವು ಮತ್ತು ಮಕ್ಕಳ ಪರೀಕ್ಷೆಯ ಬಗ್ಗೆ ವಿಚಾರಿಸಬಹುದು. "ಮದುವೆ ಯಾವಾಗ?" ಎಂದು ಕೇಳುವಂತಿಲ್ಲ. ಈ ಷರತ್ತನ್ನು ಅವಿವಾಹಿತ ತನಿಖಾಧಿಕಾರಿಯೊಬ್ಬರ ಕೋರಿಕೆಯ ಮೇರೆಗೆ ಸೇರಿಸಲಾಗಿದೆ.

5. ಕಾಫಿಯ ಗುಂಡಿಯನ್ನು ತೆಗೆಯಬಾರದು. ಒತ್ತುವವರಿಗೆ ಸಮಾಧಾನವಿರುತ್ತದೆ. ಬರುವುದು ಚಹಾವೇ.

6. ಯಂತ್ರವನ್ನು ಒದೆಯುವುದು ದಂಡನಾರ್ಹ. ಒದೆಯಲೇಬೇಕೆನಿಸಿದವರು ಮೂಲೆಯಲ್ಲಿರುವ 'ಅ' ವರ್ಗದ ಯಂತ್ರವನ್ನು, ರಿಜಿಸ್ಟರಿನಲ್ಲಿ ಹೆಸರು ಬರೆದು, ಬೆಳಿಗ್ಗೆ ಹತ್ತರಿಂದ ಹತ್ತೂಕಾಲರ ಒಳಗೆ ಚಪ್ಪಲಿ ಬಿಚ್ಚಿ ಒದೆಯಬಹುದು.

7. ಪ್ರತಿ ಯಂತ್ರದ ಮೇಲೂ ತಯಾರಿಕೆಯ ವಿವರ ಅಂಟಿಸಿರಬೇಕು. ತುರ್ಭೆಯ ಯಂತ್ರದ ವಿವರ: ತಯಾರಾದ ವರ್ಷ 1953, ಸ್ಥಳ ಕಾರ್ಕಳ, ತಯಾರಕರು ತಂದೆ ತಾಯಿ. ಇದನ್ನು ಎದೆಗೆ ಅಂಟಿಸಿಕೊಳ್ಳಲು ಯಂತ್ರವು ನಿರಾಕರಿಸಿದ್ದರಿಂದ ಗೋಡೆಗೆ ಅಂಟಿಸಲಾಗಿದೆ. "ಎಷ್ಟು ವರ್ಷ ಬಾಳಿಕೆ" ಎಂಬ ಕಲಂ ತುಂಬಲು ಕಚೇರಿಯಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಖಾಲಿ ಬಿಡಲಾಗಿದೆ, ಖಾಲಿಯಾಗಿಯೇ ಇರತಕ್ಕದ್ದು.

8. ವಾರ್ಷಿಕ ಸರ್ವಿಸಿಂಗ್ ಎಂದರೆ ಕಣ್ಣು, ಬಿ.ಪಿ. ಮತ್ತು ಮೊಣಕಾಲಿನ ತಪಾಸಣೆ. ಎಣ್ಣೆ ಹಾಕುವುದು ಎಂದರೆ ಮೊಣಕಾಲಿಗೆ.

9. ಪುಣೆಯ ಮೆಕ್ಯಾನಿಕ್ ಆಗಸ್ಟ್ ಒಂಬತ್ತರಂದು ಬಂದಿದ್ದು, ಎರಡು ಲೋಟ ಚಹಾ ಕುಡಿದು, "ಯಂತ್ರ ಸುಸ್ಥಿತಿಯಲ್ಲಿದೆ, ರಿಪೇರಿ ಬೇಕಿಲ್ಲ" ಎಂದು ಬರೆದುಕೊಟ್ಟಿದ್ದಾರೆ. ಇನ್ನು ಮುಂದೆ ಎಲ್ಲ ಮೆಕ್ಯಾನಿಕ್‌ಗಳೂ ಇದೇ ಮಾದರಿಯಲ್ಲಿ ವರದಿ ಸಲ್ಲಿಸತಕ್ಕದ್ದು.

10. ಯಂತ್ರವು ಪ್ರತಿ ಭಾನುವಾರ ಬಂದ್. ಮೇ ತಿಂಗಳಲ್ಲಿ ಹದಿನೈದು ದಿನ "ಯಂತ್ರ ಊರಿಗೆ ಹೋಗಿದೆ" ಎಂಬ ಫಲಕ ಹಾಕತಕ್ಕದ್ದು. ಬಂದ್ ಇದ್ದರೆ ಪರವಾನಗಿ ರದ್ದು ಎಂಬ ಹಳೆಯ ನಿಯಮ ಊರಿಗೆ ಹೋದ ಯಂತ್ರಗಳಿಗೆ ಅನ್ವಯಿಸುವುದಿಲ್ಲ. ವಾಪಸು ಬರುವಾಗ ತರುವ ಹಪ್ಪಳ, ಸಂಡಿಗೆಗಳು ಬಿಡಿಭಾಗಗಳಲ್ಲ. ಅವುಗಳ ಹಂಚಿಕೆಯಲ್ಲಿ ವಿಭಾಗವು ಹಸ್ತಕ್ಷೇಪ ಮಾಡುವುದಿಲ್ಲ.

11. ಈ ಘಟನೆಯ ನಂತರ ಕಲ್ಯಾಣ, ಡೊಂಬಿವಿಲಿ ಮತ್ತು ಠಾಣೆಯಿಂದ 'ಬ' ವರ್ಗದ ನೋಂದಣಿಗಾಗಿ ಹದಿನಾಲ್ಕು ಅರ್ಜಿಗಳು ಬಂದಿವೆ. ಎಲ್ಲರೂ ಹಾರ ಮತ್ತು ಗಡಿಯಾರ ಪಡೆದವರೇ. ಅರ್ಜಿಗಳನ್ನು ಸಹಾನುಭೂತಿಯಿಂದ, ಸಾಧ್ಯವಾದರೆ ಚಹಾದ ಸಮಯದಲ್ಲಿ, ಪರಿಶೀಲಿಸತಕ್ಕದ್ದು.

12. ಕಳೆದ ಐದು ವಾರಗಳಲ್ಲಿ ಈ ಕಚೇರಿಯ ಸಿಬ್ಬಂದಿ ತುರ್ಭೆಯ ಯಂತ್ರವನ್ನು ಇಪ್ಪತ್ತೇಳು ಸಲ ತನಿಖೆ ಮಾಡಿರುವುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ಒಬ್ಬೊಬ್ಬರು ವಾರಕ್ಕೆ ಒಂದೇ ಸಲ. ಕೆಳಸಹಿದಾರರ ಸರದಿ ಬುಧವಾರ.

(ಸಹಿ ಇದೆ, ಓದಲಾಗುವುದಿಲ್ಲ)
ಉಪನಿಯಂತ್ರಕರು

ಪ್ರತಿಗಳು:
1) ಎಲ್ಲ ತನಿಖಾಧಿಕಾರಿಗಳಿಗೆ, ಬುಧವಾರ ಹೊರತುಪಡಿಸಿ.
2) ಶ್ರೀಮತಿ ಜಯಲತಾ, ಪರವಾನಗಿದಾರರು, ನೆರೂಳು.
3) ಶ್ರೀ ಜಟ್ಟೆಪ್ಪ, ಮುಕಾದಮರು, ಗೋದಾಮಿನ ಅಂಗಳದಲ್ಲಿ ಗಟ್ಟಿಯಾಗಿ ಓದಿ ಹೇಳುವುದಕ್ಕಾಗಿ.
4) ಯಂತ್ರಕ್ಕೆ, ಹಿಂಬಾಗಿಲಿನಿಂದ.
5) ಶ್ರೀಮತಿ ಪ್ರಫುಲ್ಲಾ, ಯಂತ್ರದ ಪತ್ನಿ, ಬದಲಾಪುರ. ಮದುವೆಯಾಗಿ ಮೂವತ್ತು ವರ್ಷವಾದರೂ ಯಂತ್ರವು ಮನೆಯಲ್ಲಿ ಒಂದು ದಿನವೂ ಚಹಾ ಮಾಡಿಕೊಟ್ಟಿಲ್ಲವೆಂಬ ತಮ್ಮ ದೂರು ತಲುಪಿದೆ. ಅದು ಈ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲವೆಂದು ವಿಷಾದದಿಂದ ತಿಳಿಯಪಡಿಸಲಾಗಿದೆ.